ಕಿಟಕಿಯ ಹೊರಗಿನ ಕೈ

ರಾಜ್ಯಸಭೆಯಲ್ಲಿ ಕೂರಲು ಹೊರಟ ಹರಿನಾರಾಯಣರಿಗೆ ಕೊನೆಗೆ ಊರ ಶಾಲೆಯ ಬೆಂಚಿನಲ್ಲೂ ಜಾಗವಿಲ್ಲದೆ ಹೋಯಿತು. ಇಂಥದ್ದಕ್ಕೆ ನಗಬೇಕೋ ಅಳಬೇಕೋ, ನೀವೇ ಹೇಳಿ.

ಕೇರಳದ ಗಡಿಯೊಳಗಿನ ಹೊಸಂಗಡಿಯಿಂದ ಒಳಗೆ ಹೋಗುವ ಬಸ್ಸು ಎಲ್ಲಿ ತಿರುಗುತ್ತದೋ ಅದೇ ಅವರ ವಾರ್ಡು. ಅಲ್ಲಿ ಅವರು ಪಂಚಾಯತ್ ಮೆಂಬರು. ಗ್ರಾಮಸಭೆಯಲ್ಲಿ ಆಫೀಸಿನವರು ಮಲಯಾಳದಲ್ಲಿ ಓದುತ್ತಾರೆ. ಊರಿನವರಿಗೆ ತುಳು ಬರುತ್ತದೆ, ಕನ್ನಡ ಬರುತ್ತದೆ, ಆ ಕಚೇರಿಯ ಮಲಯಾಳ ಮಾತ್ರ ತಲೆಗೆ ಹತ್ತುವುದಿಲ್ಲ. ಹಾಗಾಗಿ ಎಲ್ಲರ ಕಣ್ಣೂ ಅದು ಬಲ್ಲ ಹರಿನಾರಾಯಣರ ಕೈಯ ಮೇಲೆ. ಅವರು ಎತ್ತಿದರೆ ಎಲ್ಲರೂ ಎತ್ತುತ್ತಾರೆ, ಇಲ್ಲದಿದ್ದರೆ ಇಲ್ಲ. ಮಳೆಗಾಲದಲ್ಲಿ ಮಕ್ಕಳು ಹೊಳೆ ದಾಟಲು ಕಾಲುಸಂಕ ಬೇಕೆಂದು ಹಟ ಹಿಡಿದು ಪಾಸು ಮಾಡಿಸಿದ್ದೂ ಹಾಗೆಯೇ; ಕೆಲಸ ಮಾತ್ರ ಇನ್ನೂ ಶುರುವಾಗಿರಲಿಲ್ಲ.

ಅಷ್ಟರಲ್ಲಿ ಮಂಗಳೂರಿನ ಪಕ್ಷದವರೊಬ್ಬರು ಆಸೆ ಹಚ್ಚಿದರು. "ಗಡಿಯ ಕನ್ನಡದವರ ಪರವಾಗಿ ಡೆಲ್ಲಿಯಲ್ಲಿ ಒಂದು ಸ್ವರ ಬೇಕು. ನಿಮ್ಮನ್ನು ಕರ್ನಾಟಕದಿಂದ ರಾಜ್ಯಸಭೆಗೆ ಕಳಿಸುವ. ಆದರೆ ನಿಮ್ಮ ವೋಟು ಕೇರಳದಲ್ಲಿ ಉಂಟಲ್ಲ, ಕಾನೂನು ಬಿಡುದಿಲ್ಲ."

ತಡಮಾಡುತ್ತಾರೆಯೇ? ತಲಪಾಡಿಯಾಚೆ ಕರ್ನಾಟಕದಲ್ಲಿದ್ದ ತಂಗಿಯ ಮನೆಗೆ ವೋಟು ಬದಲಿಸಿಕೊಂಡರು. ಊರಲ್ಲಿ ವೋಟಿಲ್ಲದ ಮೇಲೆ ಮೆಂಬರ್ ಸ್ಥಾನವೂ ಹೋಯಿತು.

"ಅಟ್ಟಕ್ಕೆ ಹಾರದವ ಬೆಟ್ಟಕ್ಕೆ ಹಾರಿಯಾನಾ ಅಂತ ನನ್ನ ಅಮ್ಮ ಹೇಳುದುಂಟು," ಎಂದಳು ಹೆಂಡತಿ ಪಂಕಜಾಕ್ಷಿ. ತನ್ನ ವೋಟನ್ನು ಅವಳು ಕದಲಿಸಲಿಲ್ಲ.

2003ರ ಆಗಸ್ಟಿನಲ್ಲಿ ಆ ಕಾನೂನೇ ಬದಲಾಯಿತು. ಇನ್ನು ಮುಂದೆ ದೇಶದ ಯಾವ ಮೂಲೆಯಲ್ಲಿ ವೋಟಿದ್ದರೂ ಯಾವ ರಾಜ್ಯದಿಂದಲಾದರೂ ರಾಜ್ಯಸಭೆಗೆ ನಿಲ್ಲಬಹುದು. ಸುಮ್ಮನೆ ಮನೆಯಲ್ಲಿ ಕೂತಿದ್ದರೂ ಸಾಕಿತ್ತಲ್ಲ ಎಂದು ಹರಿನಾರಾಯಣರು ಹಣೆ ಚಚ್ಚಿಕೊಂಡರು. ಮೇಲಾಗಿ ಬಾಗಿಲು ತೆರೆದದ್ದು ಇವರೊಬ್ಬರಿಗೇ ಅಲ್ಲ. ಕನ್ನಡದ ಒಂದಕ್ಷರ ಬಾರದ, ದೂರದ ಯಾವನೋ ಉದ್ಯಮಿ ಅದೇ ಬಾಗಿಲಲ್ಲಿ ಒಳಗೆ ನುಗ್ಗಿ ಸೀಟು ಹಿಡಿದ. ಇವರ ಮೇಲೆ ಪ್ರೀತಿಯಿದ್ದ ಶಾಸಕರೂ ಏನು ಮಾಡಿಯಾರು? ಹೊಸ ಕಾನೂನಿನಲ್ಲಿ ವೋಟನ್ನು ಪಕ್ಷದವರಿಗೆ ತೋರಿಸಿಯೇ ಹಾಕಬೇಕು.

"ಎಂತ ಮಾಡುದು ಮಾರಾಯ್ರೆ, ಮೇಲಿನವರು ಹೇಳಿದ ಹಾಗೆ," ಎಂದರು ಮಂಗಳೂರಿನವರು ಫೋನಿನಲ್ಲಿ.

ವೋಟನ್ನು ಊರಿಗೆ ಮರಳಿಸಲು ಅರ್ಜಿ ಹಾಕಿದ್ದಾಯಿತು. ಹೆಸರು ಬರುವ ಮೊದಲೇ ಗ್ರಾಮಸಭೆ ಬಂತು. ಮತದಾರರು ಮಾತ್ರ ಒಳಗೆ. ಹರಿನಾರಾಯಣರು ಶಾಲೆಯ ಕಿಟಕಿಯ ಹೊರಗೆ ನಿಂತರು. ಅವರ ಜಾಗಕ್ಕೆ ಗೆದ್ದುಬಂದ ಹೊಸ ಮೆಂಬರು ತಲೆಯಾಡಿಸುವುದಲ್ಲದೆ ಬಾಯಿ ಬಿಡುವವನಲ್ಲ.

ಆಫೀಸರು ಮಲಯಾಳದಲ್ಲಿ ಓದಿದ. ಕಾಲುಸಂಕ ಸದ್ಯಕ್ಕೆ ಬೇಡ, ಅದರ ಹಣ ಪಕ್ಕದ ವಾರ್ಡಿನ ರಸ್ತೆಗೆ. ಒಪ್ಪುವವರು ಕೈ ಎತ್ತಿ. ಒಳಗಿದ್ದವರಿಗೆ "ಸಂಕ" ಎಂಬುದರ ಹೊರತು ಒಂದೂ ತಿಳಿಯಲಿಲ್ಲ. ಹರಿನಾರಾಯಣರು ಕಿಟಕಿಯ ಸರಳಿಗೆ ಮುಖ ಒತ್ತಿದರು.

"ಸ್ವಲ್ಪ ನಿಲ್ಲಿ, ನಾನು ಹೇಳುತ್ತೇನೆ," ಎಂದರು ಆಫೀಸರನಿಗೆ ಮಲಯಾಳದಲ್ಲಿ.

ಇಲ್ಲಿ ವೋಟಿಲ್ಲದವರು ಮಾತಾಡುವಂತಿಲ್ಲ ಎಂದು ಆಫೀಸರು ಗದರಿದ. ಹಾಗಾದರೆ ತಡೆಯುವುದು ಹೇಗೆ? ದಿಕ್ಕು ತೋಚದೆ ಹರಿನಾರಾಯಣರು, ತಡೆಯಿರಿ ಎಂಬ ಸನ್ನೆಯಾಗಿ ಕಿಟಕಿಯ ಸರಳುಗಳ ನಡುವೆ ಕೈ ಚಾಚಿ ಎತ್ತಿದರು.

ಊರಿನವರು ಆ ಕೈ ನೋಡಿದರು. ಒಬ್ಬರೂ ಬಿಡದೆ ಎಲ್ಲರೂ ಕೈ ಎತ್ತಿದರು. ಪಂಕಜಾಕ್ಷಿಯೂ ಎತ್ತಿದಳು. "ಬೇಡ, ಇಳಿಸಿ" ಎಂದು ಇವರು ಕೂಗುವಷ್ಟರಲ್ಲಿ ಆಫೀಸರು ಬರೆದುಕೊಂಡು ಮುಂದಿನ ವಿಷಯಕ್ಕೆ ಹೋಗಿಯಾಗಿತ್ತು.

ಸಭೆ ಮುಗಿದ ಮೇಲೆ ಪಂಕಜಾಕ್ಷಿ ನಗುತ್ತ ಹೊರಗೆ ಬಂದಳು. "ಸಂಕ ಆಯಿತಲ್ಲ, ಇನ್ನೆಂತಕ್ಕೆ ಮುಖ ಸಣ್ಣ ಮಾಡಿಕೊಂಡು ನಿಂತದ್ದು? ಮೆಂಬರ್ ಅಲ್ಲದಿದ್ದರೆ ಎಂತಾಯ್ತು, ನಿಮ್ಮ ಕೈ ಕಂಡೇ ಅಲ್ಲವಾ ನಾವೆಲ್ಲ ಎತ್ತಿದ್ದು."

ಹರಿನಾರಾಯಣರಿಗೆ ಅಳು ಬಂತು. ಅವಳ ಹಿಂದೆ ಹೊಳೆಯ ಕಡೆಗೆ ನಡೆದರು.