ಮೊಳೆ ಗುರುತಿಲ್ಲದ ಹಲಗೆ

ಪೇಟೆಯ ನಡುಬೀದಿಯಲ್ಲಿ ಸಾಲಾಗಿ ಏಳು ಕಟ್ಟಡಗಳು ಖಾಲಿ ಬಿದ್ದಿದ್ದವು. ಬಾಗಿಲಿಗೆ ಬೀಗ, ಬೀಗಕ್ಕೆ ತುಕ್ಕು, ಗೋಡೆ ತುಂಬ ಒಂದರ ಮೇಲೊಂದು ಅಂಟಿಸಿದ ಜಾಹೀರಾತು. ಏಳರಲ್ಲಿ ದೊಡ್ಡದು ಆರು ಮಹಡಿಯ ಹಳೆಯ ಜವಳಿ ಅಂಗಡಿ. ಒಂದು ಕಾಲದಲ್ಲಿ ಅದರ ಮೆಟ್ಟಿಲ ಮೇಲೆ ಕಾಲಿಡಲು ಜಾಗವಿರುತ್ತಿರಲಿಲ್ಲವಂತೆ. ಈಗ ಹನ್ನೊಂದು ವರ್ಷದಿಂದ ಪಾರಿವಾಳಗಳನ್ನು ಬಿಟ್ಟರೆ ಬೇರೆ ಗಿರಾಕಿಯಿಲ್ಲ. ಅದನ್ನು ಕೆಡವಿ, ಅದೇ ಜಾಗದಲ್ಲಿ ಮೂವತ್ತೆಂಟು ಮಹಡಿಯ ಟವರ್ ಎಬ್ಬಿಸುವುದೆಂದು ತೀರ್ಮಾನವಾಗಿತ್ತು.

ಆ ತೀರ್ಮಾನದ ಬುಡದಲ್ಲಿದ್ದದ್ದು ಅವಳ ಸಹಿ. ಹಳೆಯ ಕಟ್ಟಡ ಗಟ್ಟಿಯೋ ಟೊಳ್ಳೋ ಎಂದು ಪರೀಕ್ಷೆ ಮಾಡಿ ಹೇಳುವ ಇಂಜಿನಿಯರ್ ಅವಳು. ಸ್ಪ್ರಿಂಗ್ ಇರುವ ಸುತ್ತಿಗೆಯೊಂದನ್ನು ಕಂಬಕ್ಕೆ ಒತ್ತಿದರೆ ಅದು ಬಡಿದು ಹಿಂದಕ್ಕೆ ಪುಟಿಯುತ್ತದೆ. ಹೆಚ್ಚು ಪುಟಿದಷ್ಟೂ ಕಾಂಕ್ರೀಟು ಗಟ್ಟಿ. ಜವಳಿ ಅಂಗಡಿಯ ಕಂಬಗಳಲ್ಲಿ ಸುತ್ತಿಗೆ ಸೋಮಾರಿಯಂತೆ ಪುಟಿದಿತ್ತು. ಕಂಬ ಕೊರೆದು ತುಂಡು ತೆಗೆದು ನೋಡುವ ಇನ್ನೊಂದು ಪರೀಕ್ಷೆ ಇತ್ತು. ಆದರೆ ಅಂಕಿಗಳು ಅಷ್ಟು ಕೆಳಗಿರುವಾಗ ಕೊರೆಯುವುದು ದಂಡ ಎಂದು ಎಲ್ಲರಿಗೂ ಅನ್ನಿಸಿತು, ಅವಳಿಗೂ ಅನ್ನಿಸಿತು. 'ಕಾಂಕ್ರೀಟು ದುರ್ಬಲ, ರಿಪೇರಿಗೆ ಯೋಗ್ಯವಲ್ಲ' ಎಂದು ಬರೆದು ಕೊಟ್ಟಳು.

ಬರೆದುಕೊಟ್ಟದ್ದರಲ್ಲಿ ಒಂದು ಆಸೆಯೂ ಇತ್ತು, ಸುಳ್ಳು ಯಾಕೆ. ಹದಿನಾಲ್ಕು ವರ್ಷ ಮುದಿ ಕಟ್ಟಡಗಳ ನಾಡಿ ಹಿಡಿದು ಹಿಡಿದು ಅವಳಿಗೆ ಸಾಕಾಗಿತ್ತು. ಒಂದೇ ಒಂದು ಎತ್ತರದ ಕಟ್ಟಡವನ್ನು ನೆಲದಿಂದ ಮೇಲಕ್ಕೆ ಎಬ್ಬಿಸಬೇಕು, ಅದರ ನಕ್ಷೆಯ ಮೂಲೆಯಲ್ಲಿ ತನ್ನ ಸಹಿ ಇರಬೇಕು. ಕಚೇರಿಯ ಹಿರಿಯ ಇಂಜಿನಿಯರು ಟವರಿನ ತಂಡದಲ್ಲಿ ಅವಳಿಗೆ ಜಾಗ ಕೊಡುವುದಾಗಿ ಮಾತು ಕೊಟ್ಟಿದ್ದರು.

ಕೆಡವುವ ಕೆಲಸ ಟೆಂಡರಿನಲ್ಲಿ ಯಾರ ಪಾಲಿಗೆ ಹೋಯಿತೆಂದು ಅವಳಿಗೆ ಗೊತ್ತಾದದ್ದು ಮನೆಯಲ್ಲಿ, ಊಟಕ್ಕೆ ಕೂತಾಗ. ಅವಳ ಮಾವನ ಪಾಲಿಗೆ! ಕಟ್ಟಡ ಒಡೆಯುವುದರಲ್ಲಿ ನಲವತ್ತು ವರ್ಷ ಸವೆಸಿದ ಮನುಷ್ಯ. ಪೇಟೆಗೆಲ್ಲ ಅವರು 'ಕೆಡವೋ ಮೇಸ್ತ್ರಿ'. ಅವಳ ಗಂಡ ತಟ್ಟೆಯಿಂದ ತಲೆಯೆತ್ತದೆ, ನಮ್ಮನೇಲಿ ಇವಳು ಸಾವಿನ ಚೀಟಿ ಬರೀತಾಳೆ, ಅಪ್ಪ ಮಣ್ಣು ಮಾಡ್ತಾರೆ, ಹೊರಗಿನವರಿಗೆ ಏನೂ ಉಳಿಸಿಲ್ಲ ಎಂದ. ನಗು ಬಂತು. ಆದರೆ ಊರಬಾಯಿಗೆ ಇದೇ ಮಾತು ಬೇರೆ ರುಚಿಯಲ್ಲಿ ಸಿಗುತ್ತದೆಂದು ಮೂವರಿಗೂ ಗೊತ್ತಿತ್ತು.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂದು ಯಾರಾದರೂ ಮಾವನನ್ನು ಕೆಣಕಿದರೆ, ಆ ನಿಮಿಷ ಕಲಿಯೋಕೆ ನಂಗೆ ನಲವತ್ತು ವರ್ಷ ಹಿಡೀತಪ್ಪ ಎನ್ನುತ್ತಿದ್ದರು. ಅದು ಬರೀ ಜಂಭದ ಮಾತಲ್ಲ. ಒಡೆಯಲು ಶುರುಮಾಡುವ ಮೊದಲು ಅವರು ಒಬ್ಬರೇ ಕಟ್ಟಡದೊಳಗೆ ಹೋಗುತ್ತಿದ್ದರು. ನೆಲಮಹಡಿಯಿಂದ ತಾರಸಿಯವರೆಗೆ ಪ್ರತಿ ಕಂಬದ ಮೇಲೂ ಅಂಗೈ ಇಟ್ಟು, ಬೆರಳಗೆಣ್ಣಿನಿಂದ ಕುಟ್ಟಿ, ಕಿವಿ ಹಚ್ಚಿ ಕೇಳುತ್ತಿದ್ದರು. ಎಲ್ಲಿ ಮೊದಲು ಒಡೆದರೆ ಯಾವ ಕಡೆಗೆ ಬೀಳುತ್ತದೆ ಎಂಬುದು ಅವರಿಗೆ ತಿಳಿಯುತ್ತಿದ್ದದ್ದು ಹಾಗೆ. ಕಟ್ಟಿದವನ ಪರಿಚಯ ಮಾಡಿಕೊಳ್ಳದೆ ಅವನ ಕೆಲಸಕ್ಕೆ ಕೈ ಹಚ್ಚಬಾರದು ಎಂಬುದೂ ಅವರದೊಂದು ಹಟ.

ಜವಳಿ ಅಂಗಡಿಗೆ ಹಾಗೆ ಹೋದ ದಿನ ಬೆಳಿಗ್ಗೆ ಹತ್ತರ ಹೊತ್ತಿಗೆ ಮಾವ ಫೋನ್ ಮಾಡಿದರು. ಏನೂ ವಿವರಿಸಲಿಲ್ಲ. ಬಿಡುವಿದ್ದರೆ ಒಂದು ಗಳಿಗೆ ಬಂದು ಹೋಗು, ಸುತ್ತಿಗೆ ತಗೊಂಡು ಬಾ ಎಂದರು, ಅಷ್ಟೇ.

ಮೂರನೆಯ ಮಹಡಿಯಲ್ಲಿ, ಕಿಟಕಿಯ ಬೆಳಕು ನೇರ ಬೀಳುವ ಕಂಬದ ಪಕ್ಕದಲ್ಲಿ ಅವರು ನಿಂತಿದ್ದರು. ಇದೇನು ಹೇಳು ನೋಡೋಣ ಎಂದು ಕಂಬ ತೋರಿಸಿದರು. ಅವಳಿಗೆ ತುಸು ಕಸಿವಿಸಿಯಾಯಿತು. ಕಾಂಕ್ರೀಟು ಎಂದಳು. ಅಚ್ಚಿಗೆ ಕಟ್ಟಿದ ಹಲಗೆಯ ಗುರುತು ಕಾಣಲೆಂದೇ ಗಾರೆ ಮೆತ್ತದೆ ಹಾಗೇ ಬಿಟ್ಟಿದ್ದಾರೆ, ಆ ಕಾಲಕ್ಕೆ ಅದು ಫ್ಯಾಷನ್ ಎಂದು ವಿವರಿಸಿದಳು. ಯಾರು ನೋಡಿದರೂ ಹಾಗೇ ಹೇಳುತ್ತಿದ್ದರು. ಬೂದು ಬಣ್ಣದ ಕಂಬದ ಮೇಲೆ ಹಲಗೆಯ ಪಟ್ಟಿಗಳು ಒಂದರ ಪಕ್ಕ ಒಂದು ನಿಂತಿದ್ದವು. ಮರದ ಎಳೆ, ಅಲ್ಲಲ್ಲಿ ಗಂಟು, ಒಂದು ಹಲಗೆಯ ತುದಿಯಲ್ಲಿ ಸಣ್ಣ ಸೀಳು.

"ಹಲಗೆ ಇದೆ," ಎಂದರು ಮಾವ. "ಮೊಳೆ ಎಲ್ಲಿದೆ?"

ಅವಳಿಗೆ ಅರ್ಥವಾಗಲಿಲ್ಲ. ಮಾವ ಈ ಕಸುಬಿಗೆ ಬರುವ ಮೊದಲು ಎರಡು ವರ್ಷ ಕಾಂಕ್ರೀಟಿನ ಅಚ್ಚಿಗೆ ಕಟ್ಟಿದ ಸೆಂಟ್ರಿಂಗ್ ಹಲಗೆ ಬಿಚ್ಚುವ ಕೆಲಸದಲ್ಲಿದ್ದವರು. ಹಲಗೆ ನಿಲ್ಲಬೇಕಾದರೆ ಮೊಳೆ ಹೊಡೆಯಲೇಬೇಕು, ಕಾಂಕ್ರೀಟು ಸುರಿದಾಗ ಆ ಮೊಳೆಯ ತಲೆಗಳು ಸಾಲಾಗಿ ಅಚ್ಚೊತ್ತುತ್ತವೆ, ಬಿಚ್ಚುವವನ ಕಣ್ಣು ಮೊದಲು ಹುಡುಕುವುದೇ ಅದನ್ನು ಎಂದು ಹೇಳಿದರು. ಇಡೀ ಮಹಡಿ ಸುತ್ತಿದರೂ ಒಂದು ಮೊಳೆಯ ಗುರುತು ಸಿಗಲಿಲ್ಲವಂತೆ. ಆಮೇಲೆ ಬೆರಳಗೆಣ್ಣಿನಿಂದ ಕುಟ್ಟಿ ತೋರಿಸಿದರು. ಸದ್ದು ಮಂದವಾಗಿತ್ತು. ಉಳಿ ಇಟ್ಟು ಮೆಲ್ಲಗೆ ಎರಡು ಪೆಟ್ಟು ಹಾಕಿದರು.

ಒಂದೂಕಾಲು ಇಂಚು ದಪ್ಪದ ಗಾರೆ ಕಳಚಿ ಅವಳ ಬೂಟಿನ ಮೇಲೆ ಬಿತ್ತು. ಅದರ ಹಿಂದೆ ಕಪ್ಪುಬೂದಿ ಬಣ್ಣದ ನಿಜವಾದ ಕಾಂಕ್ರೀಟು, ಅದರ ಮೇಲೆ ಒರಟು ಹಲಗೆಯ ಗುರುತು, ಗೇಣಿಗೊಂದು ಮೊಳೆತಲೆಯ ಅಚ್ಚು. ಸುರಿದಾಗ ಮೇಲ್ಮೈ ಅಂಕುಡೊಂಕಾಗಿ ಬಂದಿತ್ತು, ಅಲ್ಲಲ್ಲಿ ಜಲ್ಲಿ ಹಲ್ಲು ಕಿರಿದಿತ್ತು. ಆಗಿನ ಯಜಮಾನರು ಅದನ್ನು ಒಪ್ಪಿರಲಿಕ್ಕಿಲ್ಲ. ಯಾವನೋ ಗಾರೆಯವನು ಆರು ಮಹಡಿಯ ನೂರಿಪ್ಪತ್ತು ಕಂಬಗಳಿಗೂ ಗಾರೆ ಮೆತ್ತಿ, ಕರಣೆಯ ತುದಿಯಿಂದ ಹಲಗೆಗಳನ್ನು ಬರೆದಿದ್ದ. ಅವಳು ಬಗ್ಗಿ ಪಕ್ಕದ ಕಂಬ ನೋಡಿದಳು, ಅದರಾಚೆಯದನ್ನೂ ನೋಡಿದಳು. ಒಂದು ಹಲಗೆಯಂತೆ ಇನ್ನೊಂದಿರಲಿಲ್ಲ. ಎಂಥ ಕೈಯಪ್ಪ ಅದು! ತನ್ನ ಮೇಲೆ ಬೀಳಲಿರುವ ಗಂಡಾಂತರ ಒಂದು ಕ್ಷಣ ಮರೆತು ಅವಳು ಬಾಯಿಬಿಟ್ಟು ನಿಂತಳು.

"ಇಷ್ಟೆಲ್ಲ ಮಾಡಿದೋನಿಗೆ ಮೊಳೆ ಬರೆಯೋದು ಏನು ಮಹಾ?" ಎಂದರು ಮಾವ. "ಬೇಕಂತಲೇ ಬಿಟ್ಟಿದ್ದಾನೆ. ತಿಳಿದೋರಿಗೆ ತಿಳೀಲಿ ಅಂತ."

ಅವಳು ಬರಿಮೈಯಾದ ಕಾಂಕ್ರೀಟಿಗೆ ಸುತ್ತಿಗೆ ಒತ್ತಿದಳು. ಅಂಕಿ ನಲವತ್ತಾರು. ಅವಳ ವರದಿಯಲ್ಲಿ ಇದೇ ಕಂಬಕ್ಕೆ ಇಪ್ಪತ್ತೊಂದು ಇತ್ತು. ಬೆಳ್ಳಗಿರುವುದೆಲ್ಲ ಹಾಲಲ್ಲ, ಬೂದು ಬಣ್ಣದ್ದೆಲ್ಲ ಕಾಂಕ್ರೀಟೂ ಅಲ್ಲ. ಗಾರೆ ಇದ್ದರೆ ಕೆತ್ತಿ ತೆಗೆದೇ ಬಡಿಯಬೇಕು ಎಂಬುದು ಈ ಕಸುಬಿನ ಮೊದಲ ಪಾಠ. ಕೈಕೆಳಗಿನವರಿಗೆ ಅವಳೇ ಎಷ್ಟು ಸಲ ಗದರಿ ಕಲಿಸಿದ್ದಳೋ. ಕಟ್ಟಡಕ್ಕೆ ಬಡಿಯದೆ ಅದರ ಅಂಗಿಗೆ ಬಡಿದು, ಸತ್ತಿದೆ ಎಂದು ಬರೆದುಬಿಟ್ಟಿದ್ದಳು.

ಮಾವ ಕಿಟಕಿಯ ಕಡೆ ತಿರುಗಿ ಮಾತಾಡಿದರು. ನಾಳಿದ್ದು ಕೆಲಸ ಶುರು. ಮೂವತ್ತು ಜನಕ್ಕೆ ಎಂಟು ತಿಂಗಳ ಕೆಲಸ. ಪುಡಿಯಾದ ಮೇಲೆ ಕಾಂಕ್ರೀಟು ಯಾರ ಮೇಲೂ ಚಾಡಿ ಹೇಳುವುದಿಲ್ಲ. ತಾನು ಇದನ್ನು ನೋಡಿಲ್ಲವೆಂದರೆ ನೋಡಿಲ್ಲ, ಅವಳು ಹೇಗೆ ಹೇಳಿದರೆ ಹಾಗೆ ಎಂದರು.

ಬಾಯಿ ಬಿಟ್ಟರೆ ಟವರ್ ಹೋಗುತ್ತದೆ, ಹದಿನಾಲ್ಕು ವರ್ಷದ ಹೆಸರು ಹೋಗುತ್ತದೆ, ಮಾವನ ಜನರ ಅನ್ನಕ್ಕೂ ಕಲ್ಲು ಬೀಳುತ್ತದೆ. ಬಾಯಿ ಮುಚ್ಚಿಕೊಂಡರೆ ಎಲ್ಲರಿಗೂ ಸುಖ, ಈ ಕಟ್ಟಡವೊಂದನ್ನು ಬಿಟ್ಟು.

"ನನ್ನ ಜಾಗದಲ್ಲಿ ನೀವಿದ್ದಿದ್ರೆ ಏನು ಮಾಡ್ತಿದ್ರಿ ಮಾವ?"

"ನಿನ್ನನ್ನ ಕರೆದೆನಲ್ಲ," ಎಂದರು ಅವರು.

ಆ ಮಾತು ಅವಳಿಗೆ ನಾಟಿತು. ಕರೆಯದೆ ಇರಬಹುದಿತ್ತು. ಮೂವತ್ತು ಜನರ ಎಂಟು ತಿಂಗಳನ್ನು ಒಂದು ಫೋನಿನಲ್ಲಿ ಪಣಕ್ಕಿಟ್ಟು, ಅದನ್ನು ದೊಡ್ಡದು ಮಾಡದೆ ಕಿಟಕಿಯ ಹೊರಗೆ ಪಾರಿವಾಳ ನೋಡುತ್ತ ನಿಂತಿದ್ದರು ಆ ಮನುಷ್ಯ. ಮದುವೆಯಾಗಿ ಬಂದ ಹೊಸದರಲ್ಲಿ, ಇವರು ಒಡೆಯುವವರು, ನಾನು ಓದಿದವಳು ಎಂಬ ಸಣ್ಣ ಸೊಕ್ಕು ಅವಳಿಗಿದ್ದದ್ದುಂಟು. ಅದು ನೆನಪಾಗಿ ನಾಚಿಕೆಯಾಯಿತು.

ಮಧ್ಯಾಹ್ನವೇ ಅವಳು ಕಟ್ಟಡದ ಒಡತಿಯ ಎದುರು, ಹಿರಿಯ ಇಂಜಿನಿಯರನ್ನೂ ಕೂರಿಸಿಕೊಂಡು, ಸುತ್ತಿ ಬಳಸದೆ ಹೇಳಿದಳು. ತಾನು ಬಡಿದದ್ದು ಗಾರೆಗೆ, ವರದಿ ತಪ್ಪು, ವಾಪಸ್ ಪಡೆಯುತ್ತೇನೆ. ಹಿರಿಯರ ಮುಖ ಕೆಂಪಾಗಿ ಆಮೇಲೆ ಬಿಳುಪಾಯಿತು. ಒಡತಿಗೆ ಎಪ್ಪತ್ತರ ಆಸುಪಾಸು, ಮಾತು ಕಡಿಮೆ. ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಎಲ್ಲ ಕಂಬಗಳನ್ನೂ ಮತ್ತೆ ನೋಡಲು ಎಷ್ಟು ದಿನ ಬೇಕು ಎಂದಷ್ಟೇ ಕೇಳಿದರು.

ಹತ್ತೊಂಬತ್ತು ದಿನ ಹಿಡಿಯಿತು. ಕೆಡವುವ ಜನರನ್ನೇ ಮಾವ ಗಾರೆ ಕೆತ್ತಲು ಕಳಿಸಿದರು. ಒಂದೊಂದು ಕಂಬದ ಎದೆಯ ಮಟ್ಟದಲ್ಲಿ ಅಂಗೈಯಗಲದ ಚೌಕ ತೆಗೆದರು. ಈ ಸಲ ಅವಳು ಕಂಬ ಕೊರೆದು ತುಂಡುಗಳನ್ನೂ ತೆಗೆಸಿದಳು, ಪಾಯವನ್ನೂ ಅಗೆಸಿ ನೋಡಿದಳು. ಕಟ್ಟಡ ಕಲ್ಲುಗುಂಡಿನಂತಿತ್ತು. ಒಡತಿಯ ಲೆಕ್ಕಾಚಾರ ಬದಲಾಯಿತು. ಜವಳಿ ಅಂಗಡಿ ಉಳಿದು ಅರವತ್ತು ಮನೆಗಳಾಗುವುದು. ಟವರ್ ಅದರ ಹಿಂದಿನ ಖಾಲಿ ಅಂಗಳದಲ್ಲಿ ಏಳುವುದು. ನಿರ್ಜೀವವಾಗಿದ್ದ ಬೀದಿಗೆ ಒಂದಕ್ಕೆ ಎರಡು ಸಿಕ್ಕಂತಾಯಿತು.

ಅವಳಿಗೆ ಮಾತ್ರ ಟವರ್ ಸಿಗಲಿಲ್ಲ. ಹಿರಿಯ ಇಂಜಿನಿಯರು ಕೆಟ್ಟವರಲ್ಲ. ಬಾಗಿಲು ಹಾಕಿಕೊಂಡು, ಈಗ ಟವರಿನವರ ಮುಂದೆ ನಿನ್ನ ಹೆಸರು ಹೇಳಲು ನನಗೆ ಬಾಯಿ ಬರುವುದಿಲ್ಲ ಎಂದರು. ಅದು ನ್ಯಾಯವೇ ಆಗಿತ್ತು. ಅವಳು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು. ಮಾವನ ಜನಕ್ಕೆ ಒಳಗಿನ ಅಡ್ಡಗೋಡೆ ತೆಗೆಯುವ ಆರು ವಾರದ ಕೆಲಸ ಉಳಿಯಿತು. ಅದನ್ನು ಮಾವ ತಾವೇ ಒಬ್ಬೊಬ್ಬರಿಗೂ ಹೇಳಿದರು. ಸೊಸೆಯ ಹೆಸರು ಎತ್ತಲಿಲ್ಲ. ಸಾಲಿನ ಉಳಿದ ಕಟ್ಟಡಗಳಲ್ಲಿ ಒಂದು ನಿಜವಾಗಿಯೂ ಟೊಳ್ಳೆಂದು ಆಮೇಲೆ ಗೊತ್ತಾಗಿ ಅದನ್ನು ಕೆಡವುವ ಕೆಲಸ ಅವರಿಗೇ ಬಂತು. ಆದರೆ ಅದು ಬರುವಷ್ಟರಲ್ಲಿ ಹನ್ನೆರಡು ಜನ ಬೇರೆ ಕಡೆ ಹೋಗಿಯಾಗಿತ್ತು.

ಒಂದು ವರ್ಷ ಕಳೆಯಿತು. ಹಿಂದಿನ ಅಂಗಳದಲ್ಲಿ ಟವರ್ ಹದಿನೇಳನೆಯ ಮಹಡಿ ಮುಟ್ಟಿತ್ತು. ಹಳೆಯ ಕಟ್ಟಡದ ರಿಪೇರಿ ನೋಡಲು ಬಂದಾಗಲೆಲ್ಲ ಅವಳು ಮಹಡಿ ಎಣಿಸುತ್ತಿದ್ದಳು. ಹೊಟ್ಟೆಯಲ್ಲಿ ಸಣ್ಣಗೆ ಉರಿಯುತ್ತಿತ್ತು, ಕಣ್ಣಿಗೆ ಮಾತ್ರ ಹಬ್ಬವಾಗುತ್ತಿತ್ತು; ಅಷ್ಟು ಚೆನ್ನಾಗಿ ಏಳುತ್ತಿತ್ತು ಅದು. ಜವಳಿ ಅಂಗಡಿಯೊಳಗೆ ಮನೆಗಳು ಮುಗಿಯುತ್ತ ಬಂದಿದ್ದವು. ಉಳಿದದ್ದು ಪರೀಕ್ಷೆಗೆಂದು ಕಂಬಗಳಲ್ಲಿ ಕೆತ್ತಿದ್ದ ಚೌಕಗಳು. ಮೂವರು ಗಾರೆಯವರು ಬಂದು ಒಂದು ಕೈ ನೋಡಿ ಹೋಗಿದ್ದರು. ಗಾರೆಯ ಮೇಲಿನ ಆ ಹಲಗೆಗೆರೆ ಅವರ ಕೈಗೆ ಹತ್ತದೆ, ತೇಪೆ ಹಾಕಿದ ಕಡೆಯೆಲ್ಲ ಪಟ್ಟಿ ಕಟ್ಟಿದ ಗಾಯದಂತೆ ಕಾಣುತ್ತಿತ್ತು. ಒಳಾಂಗಣ ಮಾಡುವವನು ಸೋತು, ಕಂಬಗಳಿಗೆಲ್ಲ ಎದೆಯೆತ್ತರ ಮರದ ಹೊದಿಕೆ ಹಾಕಿಬಿಡೋಣ, ಚೌಕವೂ ಮುಚ್ಚುತ್ತದೆ ಎಂದು ನಕ್ಷೆ ಬರೆದು ತಂದ.

ಒಡತಿ ನಕ್ಷೆಯನ್ನು ಅವಳ ಕಡೆ ಸರಿಸಿ ಅಭಿಪ್ರಾಯ ಕೇಳಿದರು. ನೂರಿಪ್ಪತ್ತು ಚೌಕ, ಒಂದೊಂದೂ ಅವಳ ತಪ್ಪಿನ ಗುರುತು. ಮುಚ್ಚಿಹೋದರೆ ಅವಳಿಗಿಂತ ನೆಮ್ಮದಿಯವರು ಯಾರು? ಪಕ್ಕದಲ್ಲಿ, ಅಡ್ಡಗೋಡೆ ಕೆಲಸದ ಬಾಕಿ ಲೆಕ್ಕ ಒಪ್ಪಿಸಲು ಬಂದಿದ್ದ ಮಾವನೂ ಇದ್ದರು.

"ಮುಚ್ಚಬೇಡಿ ಅಮ್ಮ," ಎಂದಳು ಅವಳು. "ಇನ್ನು ಐವತ್ತು ವರ್ಷಕ್ಕೆ ಈ ಕಟ್ಟಡ ಇರಲೋ ಬೇಡವೋ ಅಂತ ನೋಡೋಕೆ ನನ್ನಂಥವಳೇ ಯಾರೋ ಸುತ್ತಿಗೆ ಹಿಡ್ಕೊಂಡು ಬರ್ತಾಳೆ. ಎಲ್ಲಿ ಬಡೀಬೇಕು ಅಂತ ಅವಳಿಗೆ ಕಾಣ್ಲಿ."

ಒಡತಿ ಪೆನ್ನು ತೆಗೆದು ಮರದ ಹೊದಿಕೆಯ ಮೇಲೆ ಅಡ್ಡಗೆರೆ ಎಳೆದು, ನಕ್ಷೆಯನ್ನು ಅವಳ ಮುಂದಿಟ್ಟು, ಮೂಲೆಯಲ್ಲಿ ಸಹಿ ಹಾಕಲು ಹೇಳಿದರು.