ನಾನು ಕೇಳಿದ್ದು ಸರಿಯಾಗಿತ್ತು

ನಾನು ಒಂದು ಕಟ್ಟಿಗೆಯ ಕೊಳವೆ. ಗೇಣುದ್ದ ಇದ್ದೇನೆ. ಒಂದು ತುದಿ ತುತ್ತೂರಿಯ ಬಾಯಿಯಂತೆ ಅಗಲ, ಇನ್ನೊಂದು ಕಿವಿಗೆ ಒತ್ತಿಕೊಳ್ಳಲು ಚಪ್ಪಟೆ. ಬಸುರಿಯ ಹೊಟ್ಟೆಯ ಮೇಲೆ ನನ್ನನ್ನಿಟ್ಟು ಕಿವಿಗೊಟ್ಟರೆ ಒಳಗಿನ ಕೂಸಿನ ಎದೆಬಡಿತ ಕೇಳಿಸುತ್ತದೆ. ಗದಗಿನ ಕಡೆಯ ಬಡಗಿಯೊಬ್ಬ ಲಟ್ಟಣಿಗೆಗಳ ನಡುವೆ ನನ್ನನ್ನೂ ಸಾಗವಾನಿಯಲ್ಲಿ ತಿರುವಿ ತೆಗೆದ. ಯಾತಕ್ಕೆ ಬೇಕಾದದ್ದು ಎಂದು ಅವನು ಕೇಳಲಿಲ್ಲ.

ತಾಲೂಕಿನ ಸರಕಾರಿ ಆಸ್ಪತ್ರೆಯಲ್ಲಿ ನಾನು ದಾಕ್ಷಾಯಣಿ ಸಿಸ್ಟರ್ ಪಾಲಿಗೆ ಬಂದೆ. ಹೆರಿಗೆ ಕೋಣೆಯಲ್ಲಿ ಅವಳ ಕಿವಿ, ನಳಿನಿ ಡಾಕ್ಟರ ಕೈ ಎರಡೂ ಒಂದೇ ಮನುಷ್ಯರದ್ದೇನೋ ಎಂಬಂತೆ ಕೆಲಸ ಮಾಡುತ್ತಿದ್ದವು.

"ದಾಕ್ಷಾಯಣಿ, ಹೆಂಗದ?" ಎಂದು ಡಾಕ್ಟರು ಕೇಳುವರು.

"ಛಲೋ ಐತ್ರಿ" ಎಂದು ಇವಳು ಹೇಳಿದರೆ ಮುಗಿಯಿತು. ಡಾಕ್ಟರು ಕುರ್ಚಿ ಎಳೆದುಕೊಂಡು ಕೂತು ಕಾಯುವರು. ಬಸುರಿಯ ಅತ್ತೆ ಬಾಗಿಲಲ್ಲಿ ಚಡಪಡಿಸಿದರೆ ನಗುತ್ತಾ ಗದರುವರು.

ಒಂದು ಮಧ್ಯಾಹ್ನ ಮಾತ್ರ ನಾನು ಬೇರೆಯದನ್ನು ಕೇಳಿದೆ. ಬಸುರಿಯೊಬ್ಬಳ ಹೊಟ್ಟೆಯಲ್ಲಿ ಕೂಸಿನ ಬಡಿತ ನಿಧಾನವಾಗಿತ್ತು. ಕೂಡಲೇ ಆಪರೇಷನ್ ಮಾಡಬೇಕಿತ್ತು, ಆದರೆ ಮಂಪರು ಕೊಡುವ ಡಾಕ್ಟರ ಹುದ್ದೆ ಖಾಲಿ ಇತ್ತು. ಆ ಹೆಂಗಸನ್ನು ಆಂಬುಲೆನ್ಸಿನಲ್ಲಿ ಜಿಲ್ಲಾಸ್ಪತ್ರೆಗೆ ಸಾಗಿಸಿದರು. ದಾಕ್ಷಾಯಣಿ ದಾರಿಯುದ್ದಕ್ಕೂ ನನಗೆ ಕಿವಿ ಹಚ್ಚಿ ಕೂತಿದ್ದಳು. ಜಿಲ್ಲಾಸ್ಪತ್ರೆ ಇನ್ನೂ ದೂರವಿದ್ದಾಗಲೇ ಹೊಟ್ಟೆಯೊಳಗೆ ಸದ್ದಡಗಿತು.

"ನನಗ ಕೊಯ್ಯೋದು ಬರ್ತದ, ಹೊಲಿಯೋದು ಬರ್ತದ. ಮಂಪರು ಕೊಡೋರೇ ಇಲ್ಲದ ಇಲ್ಲಿ ಇದ್ದು ಏನ್ ಮಾಡ್ಲಿ?" ಎಂದು ನಳಿನಿ ಡಾಕ್ಟರು ಅತ್ತರು. ಸ್ವಲ್ಪ ಕಾಲದಲ್ಲೇ ರಾಜೀನಾಮೆ ಕೊಟ್ಟು ಸ್ವಂತ ನರ್ಸಿಂಗ್ ಹೋಮ್ ತೆರೆದರು. ಕರೆದ ಕೂಡಲೇ ದಾಕ್ಷಾಯಣಿ ಸರಕಾರಿ ನೌಕರಿ ಬಿಟ್ಟು ಅವರ ಹಿಂದೆ ಹೋದಳು. ಹಳೆಯದೆಂದು ಮೂಲೆಗೆ ಹಾಕಿದ್ದ ನನ್ನನ್ನು ಕೇಳಿ ಪಡೆದು ಜೊತೆಗೆ ಒಯ್ದಳು.

ಅಲ್ಲಿ ಎದೆಬಡಿತ ಕೇಳಲು ಯಂತ್ರ ಬಂದಿತ್ತು. ಆದರೂ ದಾಕ್ಷಾಯಣಿಗೆ ನಾನೇ ಬೇಕಿತ್ತು. ಜನ ಮಾತ್ರ ಬದಲಾಗಿದ್ದರು. ಕೆಲವರು ಒಳ್ಳೆಯ ನಕ್ಷತ್ರ ಹುಡುಕಿಕೊಂಡು ಬಂದು, "ಇದ ಹೊತ್ತಿಗೆ ತೆಗೀರಿ" ಎನ್ನುವರು. ಕೆಲವು ಹುಡುಗಿಯರು ಬೇನೆಗೆ ಹೆದರಿ ತಾವೇ ಆಪರೇಷನ್ ಕೇಳುವರು. ಪಕ್ಕದ ಊರಿನಲ್ಲಿ ಕೂಸು ಸತ್ತಿತೆಂದು ಜನ ಆಸ್ಪತ್ರೆಯ ಗಾಜು ಒಡೆದು ಡಾಕ್ಟರನ್ನು ಹೊಡೆದ ಮೇಲಂತೂ ನಳಿನಿ ಡಾಕ್ಟರು ಕುರ್ಚಿ ಎಳೆದು ಕೂರುವುದನ್ನೇ ಬಿಟ್ಟರು.

ದಾಕ್ಷಾಯಣಿಯ ಮಗಳು ಪೂರ್ಣಿಮಾ ಚೊಚ್ಚಲ ಹೆರಿಗೆಗೆ ಬಂದಾಗ, "ಹೆದರಬ್ಯಾಡ. ಆ ಡಾಕ್ಟರ್ ಅಂದ್ರ ನಾನ ಅಂತ ತಿಳ್ಕೊ" ಎಂದು ತಾಯಿ ಧೈರ್ಯ ಹೇಳಿದ್ದಳು.

ಬೆಳಿಗ್ಗೆ ಬೇನೆ ಶುರುವಾಯಿತು. ಸಂಜೆಯವರೆಗೂ ಕೂಸಿನ ಬಡಿತ ಹೊಲಿಗೆ ಯಂತ್ರ ಓಡಿದ ಹಾಗೆ ಒಂದೇ ಲಯದಲ್ಲಿತ್ತು. ಅಷ್ಟರಲ್ಲಿ ನಳಿನಿ ಡಾಕ್ಟರು ಒಳಗೆ ಬಂದು ಹೊಟ್ಟೆ ಮುಟ್ಟಿದರು. "ಹೆಂಗದ?" ಎಂದು ಕೇಳಲಿಲ್ಲ. ಹೊರಗೆ ಹೋಗಿ ದಾಕ್ಷಾಯಣಿಯ ಅಳಿಯನಿಗೆ ಹೇಳಿದರು: "ಕೂಸಿನ ಎದಿಬಡಿತ ಇಳೀಲಿಕ್ಕತ್ತದ. ಈಗ ಆಪರೇಷನ್ ಮಾಡ್ಲಿಲ್ಲಂದ್ರ ಜವಾಬ್ದಾರಿ ನಂದಲ್ಲ."

ಅವರ ಹಿಂದೆಯೇ ಬಾಗಿಲಿಗೆ ಬಂದಿದ್ದ ದಾಕ್ಷಾಯಣಿ ಒಳಗೋಡಿ ನನ್ನನ್ನು ಮತ್ತೆ ಮಗಳ ಹೊಟ್ಟೆಯ ಮೇಲಿಟ್ಟಳು. ಅದೇ ಲಯ. ನನ್ನನ್ನು ಹಿಡಿದುಕೊಂಡೇ, ಕೈ ತೊಳೆಯುತ್ತಿದ್ದ ಡಾಕ್ಟರ ಬಳಿ ಹೋದಳು.

"ಈಗ ಕೇಳೇನ್ರಿ. ಛಲೋ ಐತಿ."

"ನನಗೂ ಗೊತ್ತದ, ದಾಕ್ಷಾಯಣಿ." ನಲ್ಲಿ ಸುರಿಯುತ್ತಲೇ ಇತ್ತು. "ಮಂಪರು ಕೊಡೋರು ಈಗ ಹೊಂಟ್ರ ನಾಳೆ ಮುಂಜಾನಿತನಕಾ ಬರೂದಿಲ್ಲ. ನಡುವ ಏನರ ಆದ್ರ? ಆ ಆಂಬುಲೆನ್ಸ್ ಮರ್ತಿಯೇನು?"

"ಮರ್ತಿಲ್ರಿ. ಆದ್ರ ಅವರಿಗೆ ಖರೇ ಹೇಳಬಹುದಿತ್ತಲ್ರಿ."

"ಖರೇ ಹೇಳಿದ್ರ ಕಾಯ್ತೇವಿ ಅಂತಿದ್ರು."

ಅಷ್ಟು ವರ್ಷ ದಾಕ್ಷಾಯಣಿಯ ಒಂದೇ ಮಾತನ್ನು ನಂಬುತ್ತಿದ್ದ ಡಾಕ್ಟರು ಈಗಲೂ ನಂಬಿದ್ದರು. ನಂಬಿಯೂ ಸುಳ್ಳು ಹೇಳಿದ್ದರು. ದಾಕ್ಷಾಯಣಿ ಆಪರೇಷನ್ ಥಿಯೇಟರಿನೊಳಗೆ ಹೋಗಲಿಲ್ಲ.

ಹೆಣ್ಣು ಕೂಸು ಜೋರಾಗಿ ಅತ್ತಿತು. "ನೀವಿಲ್ಲಂದ್ರ ನನ್ನ ಮಗಳು ಉಳೀತಿರ್ಲಿಲ್ರಿ" ಎಂದು ಅಳಿಯ ನಳಿನಿ ಡಾಕ್ಟರ ಕಾಲಿಗೆ ಬಿದ್ದ. ಅವರು ಅವನನ್ನು ಎಬ್ಬಿಸಿದರು, ಆದರೆ ಇಲ್ಲ ಎನ್ನಲಿಲ್ಲ. ಆ ತಿಂಗಳೇ ದಾಕ್ಷಾಯಣಿ ಕೆಲಸ ಬಿಟ್ಟಳು. ಯಾಕೆಂದು ಡಾಕ್ಟರೂ ಕೇಳಲಿಲ್ಲ. ಮಗಳಿಗೆ ಹೇಳಿದರೆ ಹೊಲಿಗೆಯ ನೋವಿನ ಮೇಲೆ ಇನ್ನೊಂದು ನೋವು ಎಂದುಕೊಂಡು ದಾಕ್ಷಾಯಣಿ ಬಾಯಿ ಮುಚ್ಚಿಕೊಂಡಳು.

ಪೂರ್ಣಿಮಾ ಮತ್ತೆ ಬಸುರಿಯಾದಾಗ ಸರಕಾರಿ ಆಸ್ಪತ್ರೆಗೆ ಹೋದರು. ಅಲ್ಲೀಗ ಮಂಪರು ಕೊಡುವವರೂ ಇದ್ದರು. ರೂಢಿಯಂತೆ ನಾನು ದಾಕ್ಷಾಯಣಿಯ ಚೀಲದಲ್ಲಿದ್ದೆ. ಮೈಸೂರು ಕಡೆಯ ಎಳೆಯ ಡಾಕ್ಟರಮ್ಮ ಕೇಳಿದಳು: "ಹೋದ್ಸಲ ಯಾಕಮ್ಮ ಸಿಸೇರಿಯನ್ ಆಗಿದ್ದು? ಕಾರಣ ಗೊತ್ತಾದ್ರೆ ಈ ಸಲ ನಾರ್ಮಲ್‌ಗೆ ನೋಡ್ಬಹುದಾ ಅಂತ."

"ಕೂಸಿನ ಎದಿಬಡಿತ ಇಳಿದಿತ್ತರಿ" ಎಂದಳು ಪೂರ್ಣಿಮಾ.

"ಇಳಿದಿದ್ದಿಲ್ಲ." ದಾಕ್ಷಾಯಣಿ ನಡುವೆ ಬಾಯಿ ಹಾಕಿದಳು. "ಮಂಪರು ಕೊಡೋರು ಊರಿಗೆ ಹೊಂಟಿದ್ರು. ಅದಕ್ಕ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟಳು. ಪೂರ್ಣಿಮಾ ತಾಯಿಯತ್ತ ತಿರುಗಿದಳು.

"ನೀ ಅಲ್ಲೇ ಇದ್ದಿ, ಅವ್ವಾ" ಎಂದಳು.

ಅವಳು ಕೂಗಾಡಲಿಲ್ಲ. ಹೆರಿಗೆಯ ದಿನ ಬಂದಾಗ ಮಾತ್ರ, "ಅವ್ವ ಹೊರಗ ಇರ್ಲಿ" ಎಂದಳು. ಹಳೆಯ ಗಾಯದ ಮೇಲೆ ಕಣ್ಣಿಟ್ಟು ಡಾಕ್ಟರಮ್ಮ ಕಾದಳು. ನಾನೂ ದಾಕ್ಷಾಯಣಿಯೂ ಹೊರಗಿನ ಬೆಂಚಿನ ಮೇಲಿದ್ದೆವು. ಆಪರೇಷನ್ ಇಲ್ಲದೆಯೇ ಗಂಡು ಕೂಸು ಹುಟ್ಟಿತು. ಅದರ ಅಳು ನಮಗೆ ಗೋಡೆಯಾಚೆಯಿಂದ ಕೇಳಿಸಿತು.

ಈಗ ನಾನು ದಾಕ್ಷಾಯಣಿಯ ಅಡುಗೆಮನೆಯ ಗೂಡಿನಲ್ಲಿದ್ದೇನೆ. ಮೈಯಲ್ಲಿ ಸೀಳು ಬಿಟ್ಟಿದೆ. ಹೊಟ್ಟೆಯೊಳಗಿನದು ಎಂದೂ ನನಗೆ ಸುಳ್ಳು ಹೇಳಲಿಲ್ಲ. ಹೊರಗಿನವರ ಮಾತನ್ನು ತಿದ್ದಲು ನನಗೆ ದನಿ ಇರಲಿಲ್ಲ. ದನಿ ಇದ್ದವಳು ನಳಿನಿ ಡಾಕ್ಟರನ್ನು ಇನ್ನೂ ಕ್ಷಮಿಸಿಲ್ಲ. ಮಗಳ ಕ್ಷಮೆಗೆ ಕಾಯುತ್ತಿದ್ದಾಳೆ.

ಪೂರ್ಣಿಮಾ ಮಕ್ಕಳನ್ನು ಕಟ್ಟಿಕೊಂಡು ಆಗಾಗ ಬರುತ್ತಾಳೆ, ಉಣ್ಣುತ್ತಾಳೆ, ನಗುತ್ತಾಳೆ. ಆದರೆ ಕೂಸಿಗೆ ಜ್ವರ ಬಂದಾಗ, "ಇಳಿದೈತಿ ಬಿಡು" ಎಂದು ಅಜ್ಜಿ ಹೇಳಿದರೂ, ಎದ್ದು ಬಂದು ತಾನೇ ಹಣೆ ಮುಟ್ಟಿ ನೋಡುತ್ತಾಳೆ.