ಬಚ್ಚಲಿನ ಒಂದೇ ಪ್ಲಗ್ಗು

"ಭಾವ, ಆ ಪ್ಲಗ್ ಮುಟ್ಟಬೇಡಿ!"

ಸತ್ತವನ ಹೆಂಡತಿ ಕೂಗಿದ ರಭಸಕ್ಕೆ, ಬಚ್ಚಲುಮನೆಯಲ್ಲಿ ಟವೆಲ್ ಸುತ್ತಿಕೊಂಡು ನಿಂತಿದ್ದ ಭಾವನ ಕೈ ಗಾಳಿಯಲ್ಲೇ ನಿಂತಿತು. ಬೆಳಗಿನ ಜಾವದ ಬಸ್ಸು ಹಿಡಿದು ಬಂದ ಮೈ, ಬಿಸಿನೀರು ಬೇಕಿತ್ತು. ಆದರೆ ಹೀಟರ್ ಹಾಕಲು ಅಲ್ಲಿದ್ದ ಒಂದೇ ಪ್ಲಗ್ಗಿಗೆ ತಮ್ಮನ ಸ್ಟೀಲ್ ಪೆಟ್ಟಿಗೆ ಸಿಕ್ಕಿಕೊಂಡಿತ್ತು. ಒಳಗೆ ಬಿಸಿನೀರು, ನೀರಿನಲ್ಲಿ ಗಾಜಿನ ಕೊಳವೆಗಳು.

"ನನ್ನ ತಮ್ಮ ನಡುಮನೇಲಿ ತಣ್ಣಗೆ ಮಲಗಿದಾನೆ. ನೀನಿಲ್ಲಿ ಡಬ್ಬಾ ಬಿಸಿ ಮಾಡ್ತಾ ಇದೀಯಲ್ಲಮ್ಮಾ!"

"ಅವರೇ ಇಟ್ಟಿದ್ದು. ಇವತ್ತು ಮಧ್ಯಾಹ್ನದವರೆಗೂ ಆರಬಾರದು."

"ಶವದ ಗಾಡಿ ಬಂದು ನಿಂತಿದೆ!"

"ನಿಂತಿರಲಿ. ಅದಕ್ಕೇನು ಪ್ಲಗ್ ಬೇಕಾ?"

ಬಾಗಿಲ ಬಳಿ ಶಾಲೆಯ ಅಡುಗೆಯವಳು ನಿಂತಿದ್ದಳು. ಕಳೆದ ವಾರ ಮಕ್ಕಳ ಹೊಟ್ಟೆ ಕೆಟ್ಟಿತ್ತು. ಅಡುಗೆಯವಳ ಕೈಯೇ ಗಲೀಜು ಎಂದು ಹೆಡ್‌ಮಾಸ್ಟರು ತೀರ್ಮಾನಿಸಿಬಿಟ್ಟಿದ್ದರು; ಅವಳ ಹಂಡೆಯ ನೀರಿನ ಪರೀಕ್ಷೆ ಅವಳ ಪರವಾಗಿ ಬರದಿದ್ದರೆ ನಾಳೆಯಿಂದ ಒಲೆ ಬೇರೆಯವಳದು. ಸಾವಿನ ಮನೆಯಲ್ಲಿ ಇದನ್ನು ಹೇಗೆ ಕೇಳುವುದೆಂದು ತಿಳಿಯದೆ ಅವಳು ಎಲ್ಲರಿಗಿಂತ ಜೋರಾಗಿ ಅಳುತ್ತಿದ್ದಳು.

*

ಸತ್ತವನದು ನೀರು ಪರೀಕ್ಷಿಸುವ ಕೆಲಸ. ಲ್ಯಾಬಿನಲ್ಲಿ ಕರೆಂಟು ಕೈಕೊಡುತ್ತದೆಂದು ಪೆಟ್ಟಿಗೆಯನ್ನು ಮನೆಗೇ ಹೊತ್ತು ತಂದಿದ್ದ. ಹೆಂಡತಿ ಚಹಾ ಕೊಟ್ಟರೂ ಥರ್ಮಾಮೀಟರ್ ಅದ್ದಿ ನೋಡದೆ ಕುಡಿಯುತ್ತಿರಲಿಲ್ಲ.

"ಮೂವತ್ತೇಳು ಡಿಗ್ರೀಲಿ ಇಟ್ಟಾಗ ಗುಳ್ಳೆ ಬಂತಲ್ಲ, ಇನ್ನೇನ್ರೀ ನೋಡೋದು?" ಎಂದು ನಿನ್ನೆ ಅವಳು ಕೇಳಿದ್ದಳು.

"ಆ ಬಿಸಿಗೆ ಮಣ್ಣಿನ ಬ್ಯಾಕ್ಟೀರಿಯಾನೂ ತಿಂದು ಗ್ಯಾಸ್ ಬಿಡ್ತವೆ ಕಣೇ. ನಲವತ್ನಾಲ್ಕಕ್ಕೆ ಏರಿಸಿದ್ರೆ ಅವು ಸುಸ್ತಾಗಿ ಕೂತ್ಬಿಡ್ತವೆ. ಗಲೀಜು ಕೈಯಿಂದ ಬರೋವು, ಕರುಳಲ್ಲಿ ಹುಟ್ಟಿ ಬೆಳೆದವು ಮಾತ್ರ ಆಗಲೂ ಬಿಡ್ತಾನೇ ಇರ್ತವೆ."

"ನಿಮ್ಮಣ್ಣನ ಥರ."

ಅವನು ಕೆಮ್ಮು ಬರುವಷ್ಟು ನಕ್ಕಿದ್ದ. ಆಮೇಲೆ ಹೇಳಿದ್ದ: "ಆಯಮ್ಮನ ಕೈ ಚೊಕ್ಕವಾಗೇ ಇದೆ ಅನ್ಸತ್ತೆ. ಆದ್ರೆ ಅನ್ಸಿದ್ದನ್ನ ಬರೆಯೋಕಾಗಲ್ವಲ್ಲ. ಬಿಸಿ ಇಳೀದ ಹಾಗೆ ನೋಡ್ಕೋ."

ಮಲಗಿದವನು ಮತ್ತೆ ಏಳಲಿಲ್ಲ.

*

ಭಾವ ತಣ್ಣೀರನ್ನೇ ಸುರಿದುಕೊಂಡ. ಬಚ್ಚಲಿನಿಂದ ಬಂದ ಚೀರಾಟ ಕೇಳಿ ನಡುಮನೆಯಲ್ಲಿದ್ದವರು, "ಪಾಪ, ಒಡಹುಟ್ಟಿದ ಸಂಕಟ," ಎಂದು ಕಣ್ಣೊರೆಸಿಕೊಂಡರು.

ಮಧ್ಯಾಹ್ನ, ಹಾರ ಹಾಕಲು ಬಂದಿದ್ದ ಲ್ಯಾಬಿನ ಸಹೋದ್ಯೋಗಿ ತೋಳು ಮಡಚಿ ಕೊಳವೆಗಳನ್ನು ಒಂದೊಂದಾಗಿ ಕಿಟಕಿಯ ಬೆಳಕಿಗೆ ಹಿಡಿದ. ಪ್ರತಿಯೊಂದರೊಳಗೂ ಬೋರಲು ಹಾಕಿದ ಪುಟ್ಟ ಕೊಳವೆ; ಗ್ಯಾಸ್ ಹುಟ್ಟಿದ್ದರೆ ಅದರ ನೆತ್ತಿಯಲ್ಲಿ ಗುಳ್ಳೆ ಕೂತಿರಬೇಕು. ಅಡುಗೆಯವಳು ಎಷ್ಟು ಹತ್ತಿರ ಬಗ್ಗಿದಳೆಂದರೆ ಕೊನೆಯ ಕೊಳವೆಯ ಮೇಲೆ ಅವಳ ಉಸಿರು ಮಂಜುಗಟ್ಟಿತು. ಸಹೋದ್ಯೋಗಿ ಅದನ್ನು ಹೆಬ್ಬೆರಳಿನಿಂದ ಒರೆಸಿದ.

"ಒಂದರಲ್ಲೂ ಇಲ್ಲ. ಇದು ಶಾಲೆ ಟ್ಯಾಂಕಿನ ಮಣ್ಣಿಂದು. ಯಾರ ಕೈದೂ ಅಲ್ಲ. ನಾನೇ ಬರೆದು ಕೊಡ್ತೀನಿ."

ಅಡುಗೆಯವಳ ಅಳು ಥಟ್ಟನೆ ನಿಂತಿತು. ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆಂದು ತಿಳಿದು ಮತ್ತೆ ಶುರುವಾಯಿತು.

"ಈಗಲಾದ್ರೂ ಕೀಳಲೇನಮ್ಮಾ?" ಎಂದ ಭಾವ, ಹಲ್ಲು ಕಟಕಟಿಸುತ್ತ.

ಹೆಂಡತಿ ಆಗಲಿ ಎಂದು ತಲೆಯಾಡಿಸಿದಳು. ಭಾವ ಪ್ಲಗ್ಗು ಕಿತ್ತ, ಪೆಟ್ಟಿಗೆಯ ಕೆಂಪು ದೀಪ ಆರಿತು. ಹೊರಗೆ ಗಾಡಿಯವನು ಹಾರ್ನ್ ಹೊಡೆದ. ಗಂಡ ಬಿಟ್ಟುಹೋದಷ್ಟೇ ಬಿಸಿಯಿದ್ದ ಆ ನೀರಿನಲ್ಲಿ ಅವಳು ಮಣಿಕಟ್ಟಿನವರೆಗೆ ಕೈ ಅದ್ದಿ ಕೂತಳು.

ಗಾಡಿಯವನು ಮತ್ತೊಮ್ಮೆ ಹಾರ್ನ್ ಹೊಡೆದ. ನೀರು ಇನ್ನೂ ಆರಿರಲಿಲ್ಲ.